ಕಡೇ ಲಾಂಚ್ ಎಷ್ಟೊತ್ತಿಗೆ?

ಆಫೀಸಿನಲ್ಲಿ ನನ್ನ ಕೆಲಸ ಸರ್ವರ್ ನಿಲ್ಲದಂತೆ ನೋಡಿಕೊಳ್ಳುವುದು. ರಾತ್ರಿ ಎರಡು ಗಂಟೆಗೆ ಐದು ನಿಮಿಷ ನಿಂತರೂ ಫೋನ್ ಬಡಕೊಳ್ಳುತ್ತೆ. ಅಮ್ಮನ ತವರು ತುಮರಿ ಕಡೆ. ಅಲ್ಲಿ ಸಂಜೆ ಕಡೇ ಲಾಂಚ್ ಹೋಯಿತೆಂದರೆ ಬೆಳಗಿನ ತನಕ ಸೀಮೆಗೆ ಸೀಮೆಯೇ ಆಫ್‌ಲೈನ್!

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಮೇಲೆ ಶರಾವತಿ ಹಿನ್ನೀರು ಆ ಊರುಗಳನ್ನು ಸಾಗರ ಪೇಟೆಯಿಂದ ಬೇರೆ ಮಾಡಿತು. ಲಾಂಚೇ ಗತಿ. ಚಿಕ್ಕಮ್ಮನನ್ನು ಹೆರಿಗೆಗೆ ತಿಂಗಳು ಮೊದಲೇ ಸಾಗರದ ನೆಂಟರ ಮನೆ ಸೇರಿಸಿದ್ದರಂತೆ. ಬೇಸಿಗೆಯಲ್ಲಿ ನೀರು ತೀರಾ ಇಳಿದರೆ ವಾಹನ ಹತ್ತಿಸುವುದೂ ನಿಲ್ಲುತ್ತಿತ್ತು.

ಈಚೆಗೆ ಜಲಸಾರಿಗೆ ಕಾನೂನುಗಳನ್ನು ಓದುತ್ತಾ ಕೂತೆ. (ಹೌದು, ವೀಕೆಂಡಿನಲ್ಲಿ. ನಗಬೇಡಿ.) 2016ರ ಕಾಯ್ದೆಯಲ್ಲಿ 111 ರಾಷ್ಟ್ರೀಯ ಜಲಮಾರ್ಗಗಳಿವೆ. ಶರಾವತಿಯೂ ಇದೆ, ಆದರೆ ಹೊನ್ನಾವರದ ಅಳಿವೆ ಕಡೆಯದು; ನಮ್ಮ ಹಿನ್ನೀರಲ್ಲ. 1917ರ ಹಳೇ ಕಾಯ್ದೆ ಹೋಗಿ 2021ರಲ್ಲಿ ಒಳನಾಡು ಹಡಗುಗಳ ಹೊಸ ಕಾಯ್ದೆ ಬಂತು. ಒಂದು ರಾಜ್ಯದ ನೋಂದಣಿ ಈಗ ದೇಶಕ್ಕೆಲ್ಲ ನಡೆಯುತ್ತೆ, ದೋಣಿಗಳ ವಿವರಕ್ಕೆ ಒಂದೇ ಡೇಟಾಬೇಸ್. ಎಂಜಿನಿಯರ್ ಮನಸ್ಸಿಗೆ ಖುಷಿಯಾಯಿತು. ಸರಕು ಸಾಗಿಸುವವರಿಗಂತೂ ದೊಡ್ಡ ಅನುಕೂಲ.

ಹಿನ್ನೀರಿನವರ ಲೆಕ್ಕ ಮಾತ್ರ ಟನ್ನಿನಲ್ಲಿಲ್ಲ, ಗಂಟೆಯಲ್ಲಿದೆ. ನಡುರಾತ್ರಿ ಎದೆನೋವು ಬಂದರೆ ದೋಣಿ ಇದೆಯಾ? ನೀರು ಇಳಿದಾಗ ಆಂಬುಲೆನ್ಸ್ ಹತ್ತುತ್ತಾ? 2023ರಲ್ಲಿ ಶುರುವಾದ ಕೊಚ್ಚಿ ವಾಟರ್ ಮೆಟ್ರೋದಲ್ಲಿ ತೇಲುವ ಕಟ್ಟೆಗಳಿವೆ; ನೀರಿನ ಜೊತೆ ಅವೂ ಏರಿಳಿಯುತ್ತವೆ, ಗಾಲಿಕುರ್ಚಿಯೂ ಸಲೀಸಾಗಿ ದೋಣಿ ಸೇರುತ್ತೆ. ಅದನ್ನೇ ಎತ್ತಿ ಇಲ್ಲಿ ಇಡೋಕಾಗಲ್ಲ. ಅಲ್ಲಿನದು ಸಮುದ್ರದ ಸಣ್ಣ ಉಬ್ಬರವಿಳಿತ; ಇಲ್ಲಿ ಬೇಸಿಗೆ ಬಂದರೆ ದಡವೇ ಎಲ್ಲಿಗೋ ಸರಿದಿರುತ್ತೆ. ನೀರಿನ ಬೇರೆ ಬೇರೆ ಮಟ್ಟಕ್ಕೆ ಒಂದೊಂದು ಇಳಿಜಾರು ಕಟ್ಟೆ, ರಾತ್ರಿಗೊಂದು ಸಣ್ಣ ತುರ್ತು ದೋಣಿ ಬೇಕು. ಲಾಭ ತರುವ ಕೆಲಸವಲ್ಲ, ಖಾಸಗಿಯವರು ಬರಲ್ಲ. ಆದ್ದರಿಂದಲೇ ಇದು ನೀತಿಯಲ್ಲಿ ಬರೆದಿರಬೇಕು ಅಂತೀನಿ.

ತುಮರಿಯ ಪಾಲಿಗೆ 2025ರ ಜುಲೈನಲ್ಲಿ ಸಿಗಂದೂರು ಸೇತುವೆ ತೆರೆಯಿತು. ಸುಮಾರು ಎರಡೂವರೆ ಕಿಲೋಮೀಟರ್. ಕಾರಿನಲ್ಲಿ ಒಂದು ಹಾಡು ಮುಗಿಯುವುದರೊಳಗೆ ಆಚೆ ದಡ. ಆದರೆ ನಾಡಿನ ಎಲ್ಲ ಕಡವಿಗೂ ಸೇತುವೆ ಬರುವುದಿಲ್ಲವಲ್ಲ.

ಮೊನ್ನೆ ಹೋದಾಗ ಸಂಜೆ ನಾಲ್ಕಕ್ಕೇ ಅಮ್ಮಮ್ಮನ ಗಡಿಬಿಡಿ ಶುರು. “ಹೊರಡು ಮಾರಾಯ, ಲಾಂಚ್ ತಪ್ಪುತ್ತೆ!” ಆಮೇಲೆ ಸೇತುವೆ ನೆನಪಾಗಿ ತಾವೇ ನಕ್ಕು, ಇನ್ನೊಂದು ಲೋಟ ಕಾಫಿ ತಂದುಕೊಟ್ಟರು.