ಕುಡಿಯದವರ ಕೈಗೂ ಒಂದು ಒಳ್ಳೆ ಗ್ಲಾಸ್!

ಪಾರ್ಟಿ ಅಂದಮೇಲೆ ಒಂದು ಪ್ರಶ್ನೆ ಬಂದೇ ಬರುತ್ತದೆ: ‘ಯಾಕ್ಲೇ, ನೀ ಕುಡಿಯಂಗಿಲ್ಲೇನು?’ ಇಲ್ಲ ಅಂದವರ ಕೈಗೆ ಗ್ಯಾಸ್ ಹೋದ ಕೋಲಾ ಬರುತ್ತದೆ. ಬರ್ತ್‌ಡೇ, ಸೆಮ್ ಮುಗಿದ ಖುಷಿ, ಪ್ಲೇಸ್‌ಮೆಂಟ್, ಸೀನಿಯರ್‌ಗಳ ಸೆಂಡ್‌ಆಫ್... ಕಾರಣ ಬೇರೆ ಬೇರೆ, ಕೋಲಾ ಮಾತ್ರ ಅದೇ. ಕುಡಿಯುವವರಿಗೆ ಏನು ತರಬೇಕು, ನೆಂಚಿಕೊಳ್ಳಲು ಏನಿರಬೇಕು ಅಂತ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಎರಡು ದಿನ ಮೊದಲೇ ಚರ್ಚೆ ಶುರು. ಕುಡಿಯದವರ ಬಗ್ಗೆ ಒಂದು ಮೆಸೇಜೂ ಇರುವುದಿಲ್ಲ.

ನನಗೆ ಇಪ್ಪತ್ತು ವರ್ಷ. ಹಾವೇರಿ ಜಿಲ್ಲೆಯವನು, ಹುಬ್ಬಳ್ಳಿಯಲ್ಲಿ ಬಿ.ಇ. ಮೂರನೇ ವರ್ಷ. ನಮ್ಮ ರಾಜ್ಯದ ಬಾರ್‌ಗಳಲ್ಲಿ 21 ತುಂಬದವರಿಗೆ ಮದ್ಯ ಮಾರುವಂತಿಲ್ಲ. ಆ ಲೆಕ್ಕದಲ್ಲಿ ನನ್ನ ಕ್ಲಾಸಿನ ಹೆಚ್ಚಿನವರೆಲ್ಲ ಕೋಲಾ ಪಂಗಡದವರೇ! ಆದರೆ ನಾನಿಲ್ಲಿ ಹೇಳಹೊರಟಿದ್ದು ಕಾನೂನಿನ ವಿಷಯವನ್ನಲ್ಲ.

ನಾವು ನಾಲ್ವರು ಸೇರಿ ಬಾಡಿಗೆ ಹಿಡಿದಿರುವ ಮನೆಯಲ್ಲಿ ಒಬ್ಬ ರೂಮ್‌ಮೇಟ್ ಇದ್ದಾನೆ. ಅಪ್ಪನ ಕುಡಿತದಿಂದ ತನ್ನ ಮನೆ ಏನೆಲ್ಲ ಕಂಡಿತು ಎಂಬುದನ್ನು ಅವನು ನಮಗೆ ಒಂದೇ ಒಂದು ಸಲ ಹೇಳಿದ್ದಾನೆ. ಪಾರ್ಟಿಯಲ್ಲಿ ಯಾರಾದರೂ ನಗುತ್ತ ‘ಯಾಕ್ಲೇ ಕುಡಿಯಂಗಿಲ್ಲ’ ಅಂದರೆ ಅಷ್ಟು ಜನರ ನಡುವೆ ಅವನು ಏನಂತ ಉತ್ತರ ಕೊಡಬೇಕು? ‘ತಲಿ ನೋಯಾಕತ್ತೈತಿ’ ಅಂತ ಹೇಳಿ ಎಂಟೂವರೆಗೆಲ್ಲ ಎದ್ದುಬಿಡುತ್ತಿದ್ದ. ಒಂದು ರಾತ್ರಿ ಆ್ಯಪ್ಟಿಟ್ಯೂಡ್ ಲೆಕ್ಕ ಬಿಡಿಸುತ್ತ ಕೂತಾಗ ಕೇಳಿದ: ‘ನಾಳೆ ಜಾಬ್ ಸಿಕ್ಕ ಮ್ಯಾಲೂ ಟೀಮ್ ಪಾರ್ಟಿ ಇರ್ತಾವು. ಅಲ್ಲೂ ಹಿಂಗ ಎದ್ದ್ ಬರಬೇಕೇನ್ಲೇ?’

ಸೀನಿಯರ್‌ಗಳ ಪ್ಲೇಸ್‌ಮೆಂಟ್ ಪಾರ್ಟಿ ನಮ್ಮ ಮನೆಯಲ್ಲೇ ಅಂತ ತೀರ್ಮಾನವಾದಾಗ ನನಗೆ ನೆನಪಾಗಿದ್ದು ಆ ಮಾತು. ಈ ಸಲ ಎಲ್ಲರಿಗೂ ಒಂದೇ ಡ್ರಿಂಕ್ ಮಾಡೋಣ, ಮದ್ಯ ಬೇಡ, ಆದರೆ ‘ಪಾಪ, ಅವನಿಗೆ ಜ್ಯೂಸ್’ ಅನ್ನುವ ಹಾಗೂ ಇರಬಾರದು ಅಂತ ಹಟ ಹಿಡಿದೆ. ನಾನು ಆರಿಸಿಕೊಂಡಿದ್ದು ಪೇರಲ ಹಣ್ಣಿನ ಖಾರದ ಮಾರ್ಗರಿಟಾ.

ಮೆಕ್ಸಿಕೊದಿಂದ ನವಲೂರಿಗೆ

ಮಾರ್ಗರಿಟಾ ಅಂದರೆ ಸ್ಪ್ಯಾನಿಷ್‌ನಲ್ಲಿ ಡೇಸಿ ಹೂವು. ಕಾಕ್‌ಟೇಲ್ ಲೋಕದಲ್ಲಿ ಅದು ಟಕೀಲಾ, ಕಿತ್ತಳೆ ಘಮದ ಲಿಕ್ಯೂರ್ ಮತ್ತು ನಿಂಬೆರಸದ ಮಿಶ್ರಣ. ಗ್ಲಾಸಿನ ಅಂಚಿಗೆ ಉಪ್ಪು. ಟಕೀಲಾ ತಯಾರಾಗುವುದು ಮೆಕ್ಸಿಕೊದ ನೀಲಿ ಅಗೇವ್‌ನಿಂದ. ನಮ್ಮ ಹೊಲದ ಬದುವಿನಲ್ಲಿ ಬೆಳೆಯುವ ಕತ್ತಾಳೆಯ ಬಳಗದ್ದೇ ಗಿಡ ಅದು. ಈ ಪಾನೀಯವನ್ನು ಮೊದಲು ಮಾಡಿದವರು ಯಾರು ಎಂಬುದಕ್ಕೆ ಹತ್ತಾರು ಕಥೆಗಳಿವೆ. ಎಂಜಿನಿಯರಿಂಗ್ ವಿದ್ಯಾರ್ಥಿಯಾದ ನನಗೆ ಹಿಡಿಸಿದ್ದು ಬೇರೆಯೇ ಕಥೆ. ಅಮೆರಿಕದ ಡಲ್ಲಾಸ್‌ನಲ್ಲಿ ರೆಸ್ಟೊರೆಂಟ್ ನಡೆಸುತ್ತಿದ್ದ ಮರಿಯಾನೊ ಮಾರ್ಟಿನೆಜ್‌ಗೆ ಮಂಜಿನ ಮಾರ್ಗರಿಟಾವನ್ನು ಬ್ಲೆಂಡರಿನಲ್ಲಿ ಅರೆದು ಅರೆದು ಕೊಡುವುದೇ ತಲೆನೋವಾಗಿತ್ತು. 1971ರಲ್ಲಿ ಅವರು ಸಾಫ್ಟ್ ಐಸ್‌ಕ್ರೀಂ ಮಷಿನ್ನನ್ನೇ ಇದಕ್ಕೆ ಒಗ್ಗಿಸಿದರು. ಆ ಮಷಿನ್ ಈಗ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಮ್ಯೂಸಿಯಂನಲ್ಲಿದೆ!

ಹಣ್ಣಿಗೆ ನಿಂಬೆ ಹಿಂಡಿ, ಉಪ್ಪು–ಖಾರ ಉದುರಿಸಿ ತಿನ್ನುವುದು ಮೆಕ್ಸಿಕೊದ ಬೀದಿಗಳಲ್ಲೂ ಉಂಟು. ನಮ್ಮಲ್ಲಿ? ಹುಬ್ಬಳ್ಳಿ–ಧಾರವಾಡ ನಡುವಿನ ನವಲೂರು ಪೇರಲಕ್ಕೇ ಹೆಸರಾದ ಊರು. ನಾಲ್ಕು ಸೀಳು ಮಾಡಿ ಖಾರ–ಉಪ್ಪು ಸವರಿ ಕೊಟ್ಟರೆ ಬಾಯಲ್ಲಿ ನೀರು. ಪೇರಲ, ಮೆಣಸಿನಕಾಯಿ ಎರಡೂ ಅಮೆರಿಕ ಖಂಡದ ಮೂಲದವು. ಮೆಣಸಿನಕಾಯಿಯನ್ನು ಇಲ್ಲಿಗೆ ತಂದವರು ಪೋರ್ಚುಗೀಸರು. ಹಾಗಾಗಿ ಮಾರ್ಗರಿಟಾಕ್ಕೆ ಪೇರಲ ಸೇರಿಸಿದರೆ ಅದೇನೂ ಅತಿರೇಕವಲ್ಲ, ಹಳೇ ನೆಂಟಸ್ತಿಕೆ.

ಸುಡುವ ರುಚಿ ಎಲ್ಲಿಂದ?

ಮದ್ಯ ತೆಗೆದರೆ ಉಳಿಯುವುದು ಬರೀ ಜ್ಯೂಸ್ ಅಲ್ಲವೇ ಅಂತ ನೀವು ಕೇಳಬಹುದು. ಉತ್ತರ ನಮ್ಮ ನಾಲಿಗೆಯಲ್ಲೇ ಇದೆ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ನಮ್ಮ ನರಗಳಲ್ಲಿರುವ ಟಿಆರ್‌ಪಿವಿ1 ಎಂಬ ಗ್ರಾಹಕವನ್ನು ಎಚ್ಚರಿಸುತ್ತದೆ. ಸುಡುವ ಬಿಸಿಯನ್ನು ಗುರುತಿಸುವುದೂ ಅದೇ ಗ್ರಾಹಕ. ಅದಕ್ಕೇ ಖಾರ ತಿಂದರೆ ಬಾಯಿ ‘ಉರಿ’ಯುತ್ತದೆ. ಇದನ್ನು ಪತ್ತೆಮಾಡಿದ ಡೇವಿಡ್ ಜೂಲಿಯಸ್ 2021ರ ವೈದ್ಯಕೀಯ ನೊಬೆಲ್ ಹಂಚಿಕೊಂಡವರು. ವಿಶೇಷ ಏನೆಂದರೆ, ಮದ್ಯ ಗಂಟಲಲ್ಲಿ ಸುಟ್ಟಂತಾಗುವುದರಲ್ಲೂ ಇದೇ ಗ್ರಾಹಕದ ಪಾತ್ರವಿದೆ. ಅಂದರೆ ಟಕೀಲಾ ತಟ್ಟುವ ಬಾಗಿಲನ್ನೇ ಮೆಣಸಿನಕಾಯಿಯೂ ತಟ್ಟುತ್ತದೆ. ಆ ‘ಕಿಕ್’ನ ಜಾಗಕ್ಕೆ ಖಾರ ಮತ್ತು ಶುಂಠಿ, ಲಿಕ್ಯೂರ್‌ನ ಘಮಕ್ಕೆ ಕಿತ್ತಳೆ ಸಿಪ್ಪೆ, ಸಣ್ಣ ಒಗರಿಗೆ ಹಾಲಿಲ್ಲದ ಗಟ್ಟಿ ಟೀ. ಇನ್ನು ಅಂಚಿನ ಉಪ್ಪಂತೂ ಗಟಗಟ ಕುಡಿಯಲು ಬಿಡದೆ ಗುಟುಕು ಗುಟುಕಾಗಿಯೇ ಕುಡಿಸುತ್ತದೆ.

ನಾಲ್ಕು ಗ್ಲಾಸಿಗೆ ಲೆಕ್ಕ

ಮೊದಲು ಪಾಕ. ಅರ್ಧ ಲೋಟ ನೀರಿಗೆ ನಾಲ್ಕು ಚಮಚ ಸಕ್ಕರೆ, ಜಜ್ಜಿದ ಸಣ್ಣ ತುಂಡು ಶುಂಠಿ, ಉದ್ದಕ್ಕೆ ಸೀಳಿದ ಒಂದು ಹಸಿಮೆಣಸಿನಕಾಯಿ, ಎರಡು ಬೆರಳಗಲ ಕಿತ್ತಳೆ ಸಿಪ್ಪೆ ಹಾಕಿ. ಸಿಪ್ಪೆಯ ಒಳಗಿನ ಬಿಳಿ ಭಾಗವನ್ನು ಮೊದಲೇ ಹೆರೆದು ತೆಗೆಯಿರಿ, ಇಲ್ಲದಿದ್ದರೆ ಕಹಿ ಬಿಡುತ್ತದೆ. ಕುದಿ ಬಂದ ಮೇಲೆ ಒಲೆ ಆರಿಸಿ ಹತ್ತು ನಿಮಿಷ ಮುಚ್ಚಿಡಿ. ಕ್ಯಾಪ್ಸೈಸಿನ್ ನೀರಿಗೆ ಸುಲಭವಾಗಿ ಬಿಟ್ಟುಕೊಳ್ಳುವುದಿಲ್ಲ, ಅದಕ್ಕೇ ಈ ಬಿಸಿ ಮತ್ತು ಕಾಯುವಿಕೆ. ರುಚಿ ನೋಡಿ, ನಿಮಗೆ ಬೇಕಾದಷ್ಟು ಖಾರ ಬಂದಾಗ ಸೋಸಿಕೊಳ್ಳಿ. ಮೆಣಸಿನಕಾಯಿ ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆಯದೆ ಕಣ್ಣಿಗೆ ಒಯ್ಯಬೇಡಿ.

ಒಳಗೆ ಗುಲಾಬಿ ಬಣ್ಣವಿರುವ, ಚೆನ್ನಾಗಿ ಕಳಿತ ಪೇರಲ ಅರ್ಧ ಕಿಲೋ ಸಾಕು. ಒಂದೂವರೆ ಲೋಟ ನೀರು ಹಾಕಿ ಮಿಕ್ಸಿಯಲ್ಲಿ ತಿರುವಿ, ಬೀಜ ಹೋಗುವಂತೆ ಸೋಸಿ. ಬೀಜ ನುಣ್ಣಗಾಗುವಷ್ಟು ತಿರುವಬೇಡಿ, ಕುಡಿಯುವಾಗ ಮರಳು ಮರಳಾಗುತ್ತದೆ. ಇದಕ್ಕೆ ಆರಿದ ಪಾಕ, ಮೂರು ನಿಂಬೆಹಣ್ಣಿನ ರಸ, ಒಂದು ಕಿತ್ತಳೆಯ ರಸ, ತಣ್ಣಗಾದ ಟೀ ಎರಡು ಚಮಚ, ಚಿಟಿಕೆ ಉಪ್ಪು ಬೆರೆಸಿ.

ಅಂಚಿನ ಕೆಲಸವೇ ನಿಜವಾದ ಮಜಾ. ತಟ್ಟೆಯಲ್ಲಿ ಎರಡು ಚಮಚ ಉಪ್ಪು, ಒಂದು ಚಮಚ ಬ್ಯಾಡಗಿ ಖಾರದ ಪುಡಿ, ಅರ್ಧ ಚಮಚ ಹುರಿದು ಪುಡಿ ಮಾಡಿದ ಜೀರಿಗೆ ಹರಡಿ. ಬ್ಯಾಡಗಿಯೇ ಯಾಕೆ? ನಮ್ಮ ಜಿಲ್ಲೆಯದು ಅನ್ನುವ ಅಭಿಮಾನ ಒಂದು. ಬಣ್ಣ ಜಾಸ್ತಿ, ಖಾರ ಕಡಿಮೆ ಅನ್ನುವುದು ಇನ್ನೊಂದು. ಅವ್ವ ಕಳಿಸಿದ ಡಬ್ಬಿ ಸಾರಿಗಷ್ಟೇ ಅಲ್ಲ, ಇದಕ್ಕೂ ಬಂತು. ಗ್ಲಾಸಿನ ಅಂಚಿಗೆ ನಿಂಬೆ ಹೋಳು ಸವರಿ, ತಲೆಕೆಳಗಾಗಿ ಆ ಪುಡಿಯಲ್ಲಿ ಅದ್ದಿ. ಗಾಜಿನದು ಇಲ್ಲದಿದ್ದರೆ ಸ್ಟೀಲ್ ಲೋಟವೂ ನಡೆಯುತ್ತದೆ. ಐಸ್ ಹಾಕಿ, ಮುಕ್ಕಾಲು ಭಾಗ ರಸ ತುಂಬಿ, ಮೇಲೆ ಸಾದಾ ಸೋಡಾ ಸುರಿಯಿರಿ.

ಮಾರ್ಟಿನೆಜ್ ಶೈಲಿಯ ಮಂಜಿನ ಮಾರ್ಗರಿಟಾ ಬೇಕೇ? ಪೇರಲದ ರಸಕ್ಕೆ ಪಾಕ ಬೆರೆಸಿ ಐಸ್ ಟ್ರೇಯಲ್ಲಿ ರಾತ್ರಿಯಿಡೀ ಫ್ರೀಜರಿನಲ್ಲಿಡಿ. ಸಕ್ಕರೆ ಇದ್ದರೆ ನೀರು ಹೆಪ್ಪುಗಟ್ಟುವ ತಾಪಮಾನ ಇಳಿಯುತ್ತದೆ ಅಂತ ಕೆಮಿಸ್ಟ್ರಿಯಲ್ಲಿ ಓದಿದ್ದೇವಲ್ಲ, ಅದು ಇಲ್ಲಿ ಕೆಲಸಕ್ಕೆ ಬರುತ್ತದೆ. ತುಂಡುಗಳು ಕಲ್ಲಾಗದೆ ಮಿಕ್ಸಿಯಲ್ಲಿ ಸುಲಭವಾಗಿ ಪುಡಿಯಾಗುತ್ತವೆ. ಆಮೇಲೆ ನಿಂಬೆ, ಕಿತ್ತಳೆ ರಸ ಸೇರಿಸಿದರಾಯಿತು.

ಆ ಶನಿವಾರ

ಹನ್ನೆರಡು ಮಂದಿ ಬಂದಿದ್ದರು. ಹಣ್ಣು, ಸೋಡಾ, ಐಸ್ ಎಲ್ಲ ಸೇರಿ ನಾನೂರು ರೂಪಾಯಿ ದಾಟಲಿಲ್ಲ. ಅಂಚಿಗೆ ಖಾರ–ಉಪ್ಪು ಹಚ್ಚುವ ಕೆಲಸವನ್ನು ರೂಮ್‌ಮೇಟ್ ತಾನಾಗಿಯೇ ವಹಿಸಿಕೊಂಡ. ಮೊದಲ ಗುಟುಕಿಗೇ ಒಬ್ಬ ಸೀನಿಯರ್ ಹುಬ್ಬೇರಿಸಿ, ‘ಖರೇ ಹೇಳ್ರಿಲೇ, ಇದರಾಗ ಏನರ ಹಾಕೀರೇನು?’ ಅಂದರು. ‘ಬ್ಯಾಡಗಿ ಹಾಕೇವ್ರಿ ಅಣ್ಣಾ’ ಅಂತ ಉತ್ತರ ಕೊಟ್ಟವನು ಅವನೇ. ಮನೆಯೆಲ್ಲ ನಗು. ಎಲ್ಲರ ಕೈಯಲ್ಲೂ ಒಂದೇ ಗ್ಲಾಸ್ ಇದ್ದಾಗ, ಯಾರು ಕುಡಿಯುತ್ತಾರೆ, ಯಾರು ಕುಡಿಯುವುದಿಲ್ಲ ಅನ್ನುವ ಮಾತಿಗೆ ಜಾಗವೇ ಇರಲಿಲ್ಲ. ಅವತ್ತು ಅವನಿಗೆ ತಲೆನೋವೂ ಬರಲಿಲ್ಲ. ಸೀನಿಯರ್‌ಗಳ ಇಂಟರ್‌ವ್ಯೂ ಅನುಭವ ಕೇಳುತ್ತ, ರೆಸ್ಯೂಮೆಯಲ್ಲಿ ಏನು ಬರೆಯಬೇಕು, ಏನು ಬಿಡಬೇಕು ಅಂತ ವಿಚಾರಿಸುತ್ತ ಹನ್ನೊಂದರವರೆಗೂ ಕೂತಿದ್ದ. ಇಷ್ಟು ದಿನ ಎಂಟೂವರೆಗೆ ಎದ್ದು ಹೋಗಿ ಅವನು ಕಳೆದುಕೊಳ್ಳುತ್ತಿದ್ದದ್ದು ಏನು ಅಂತ ನನಗೆ ಅರ್ಥವಾಗಿದ್ದು ಆಗಲೇ.

ಅವನ ಮನೆಯ ಕಷ್ಟ ಪೇರಲದ ರಸದಲ್ಲಿ ಕರಗುವಂಥದ್ದಲ್ಲ. ನಾಳಿನ ಆಫೀಸಿನ ಪಾರ್ಟಿಯಲ್ಲಿ ಯಾರು ಏನು ಕೇಳುತ್ತಾರೋ, ಅದೂ ನಮ್ಮ ಕೈಯಲ್ಲಿಲ್ಲ. ನಮ್ಮ ಮನೆಗೆ ಬಂದವರ ಕೈಗೆ ಏನು ಕೊಡಬೇಕು ಎಂಬುದು ಮಾತ್ರ ನಮ್ಮ ಕೈಯಲ್ಲೇ ಇದೆ. ಕಾರಣ ಕೇಳದೆ ಕೊಟ್ಟ ಒಂದು ಒಳ್ಳೆ ಗ್ಲಾಸ್, ‘ನೀನೂ ಕೂತ್ಕೋ’ ಅಂತ ಹೇಳುತ್ತದೆ. ಪೇರಲ ಸಿಗದ ದಿನಗಳಲ್ಲಿ ಅನಾನಸ್, ದ್ರಾಕ್ಷಿ, ಬೇಸಿಗೆಯಲ್ಲಿ ಮಾವಿನಕಾಯಿ ಯಾವುದಾದರೂ ಆದೀತು. ಮುಂದಿನ ಪಾರ್ಟಿಗೆ ಯಾರು ಏನು ತರಬೇಕು ಅಂತ ಗ್ರೂಪಿನಲ್ಲಿ ಪಟ್ಟಿ ಮಾಡುವಾಗ, ಎರಡು ಕಿಲೋ ಹಣ್ಣನ್ನೂ ಸೇರಿಸಿಬಿಡಿ.