ಒಂದು ಹಾರ್ಮೋನು, ಮೂರು ಪ್ರಬಂಧ

1997ರಲ್ಲಿ ಒಂದೇ ಪ್ರಶ್ನೆಗೆ ಜಗತ್ತಿನ ಮೂರು ಮೂಲೆಗಳಿಂದ ಉತ್ತರ ಬಂತು. ಗಂಡಸಿನಲ್ಲಿ ವೀರ್ಯಾಣು ಉತ್ಪತ್ತಿಯಾಗಲು ಪಿಟ್ಯುಟರಿ ಗ್ರಂಥಿಯ ಎಫ್‌ಎಸ್‌ಎಚ್ ಹಾರ್ಮೋನು ಬೇಕೇ ಬೇಕೇ ಎಂಬುದು ಪ್ರಶ್ನೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎನ್.ಆರ್. ಮೌದ್ಗಲ್ ಮತ್ತು ಸಂಗಡಿಗರು ‘ಹ್ಯೂಮನ್ ರಿಪ್ರೊಡಕ್ಷನ್’ ಪತ್ರಿಕೆಯಲ್ಲಿ ಒಂದು ಪುಟ್ಟ ಪ್ರಯೋಗದ ವರದಿ ಪ್ರಕಟಿಸಿದರು. ಕುರಿಯ ಎಫ್‌ಎಸ್‌ಎಚ್‌ನಿಂದ ತಯಾರಿಸಿದ ಲಸಿಕೆಯನ್ನು ಐವರು ಸ್ವಯಂಸೇವಕರಿಗೆ ಕೊಡಲಾಗಿತ್ತು. ಗಂಡಸರಿಗೊಂದು ಗರ್ಭನಿರೋಧಕ ಲಸಿಕೆ ಸಿಗಬಹುದೆಂಬ ಆಸೆ ಅದರ ಹಿಂದಿತ್ತು. ಅದೇ ವರ್ಷ ಅಮೆರಿಕದ ಹ್ಯೂಸ್ಟನ್‌ನಿಂದ ಬೇರೆಯದೇ ಸುದ್ದಿ: ಎಫ್‌ಎಸ್‌ಎಚ್ ತಯಾರಾಗದಂತೆ ಜೀನ್ ಕೆಡಿಸಿದ ಗಂಡಿಲಿಗಳ ವೃಷಣ ಚಿಕ್ಕದಾದರೂ ಅವು ಮರಿ ಹುಟ್ಟಿಸಿದವು. ಫಿನ್ಲೆಂಡ್‌ನವರು ಆ ಹಾರ್ಮೋನನ್ನು ಹಿಡಿದುಕೊಳ್ಳುವ ಗ್ರಾಹಕವೇ ಕೆಟ್ಟಿದ್ದ ಐವರು ಗಂಡಸರನ್ನು ಪರೀಕ್ಷಿಸಿದ್ದರು. ವೀರ್ಯದ ಗುಣಮಟ್ಟ ಒಬ್ಬೊಬ್ಬರಲ್ಲಿ ಒಂದೊಂದು ಮಟ್ಟಕ್ಕೆ ಕುಸಿದಿತ್ತು, ಆದರೆ ವೀರ್ಯಾಣುವೇ ಇಲ್ಲದವರು ಒಬ್ಬರೂ ಇರಲಿಲ್ಲ.

ಹ್ಯೂಸ್ಟನ್, ಫಿನ್ಲೆಂಡ್‌ಗಳ ಎರಡೂ ಲೇಖನಗಳು ‘ನೇಚರ್ ಜೆನೆಟಿಕ್ಸ್’ನಲ್ಲಿ ಬಂದವು. ಇತರ ಸಂಶೋಧಕರ ಬರಹಗಳಲ್ಲಿ, ಬೆಂಗಳೂರಿನ ಲೇಖನಕ್ಕೆ ಸಿಕ್ಕಿದ್ದಕ್ಕಿಂತ ಹಲವು ಪಟ್ಟು ಹೆಚ್ಚು ಉಲ್ಲೇಖ ಅವಕ್ಕೆ ಸಿಕ್ಕಿತು. ಅಂಕಿಯನ್ನಷ್ಟೇ ನೋಡುವವರಿಗೆ ಕಥೆ ಇಲ್ಲಿಗೆ ಮುಗಿಯಿತು. ಆದರೆ ಮರುವರ್ಷವೇ ಇಸ್ರೇಲ್ ಮತ್ತು ಸ್ವೀಡನ್‌ನಿಂದ, ಎಫ್‌ಎಸ್‌ಎಚ್‌ನ ಜೀನೇ ಕೆಟ್ಟಿದ್ದ ಗಂಡಸರ ವರದಿಗಳು ಬಂದವು. ಅವರಲ್ಲಿ ವೀರ್ಯಾಣುಗಳೇ ಇರಲಿಲ್ಲ. ಇಲಿಯಲ್ಲಿ ಕಂಡದ್ದನ್ನು ಮನುಷ್ಯನಿಗೆ ಹಾಗೆಯೇ ಅನ್ವಯಿಸಬಾರದು ಎಂಬ ವಾದಕ್ಕೆ ಮತ್ತೆ ಬಲ ಬಂತು. ಉಲ್ಲೇಖದ ಲೆಕ್ಕಪುಸ್ತಕದಲ್ಲಿ ಈ ಏರಿಳಿತದ ಸುಳಿವೇ ಇಲ್ಲ. ಒಪ್ಪಿದವರೂ ಅಲ್ಲಿ ಒಂದು, ಅಲ್ಲಗಳೆದವರೂ ಒಂದು.

ನುಗ್ಗೇಹಳ್ಳಿ ರಘುವೀರ್ ಮೌದ್ಗಲ್ ಅವರ ಕೆಲಸ ಆ ಐದು ಮಂದಿಯ ಪ್ರಯೋಗಕ್ಕಿಂತ ಬಹಳ ಹಿಂದಿನದು. 1960ರ ಆಸುಪಾಸಿನಲ್ಲಿ ಅವರು ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ, ಪಿಟ್ಯುಟರಿ ಹಾರ್ಮೋನುಗಳ ಅಧ್ಯಯನದಲ್ಲಿ ದೊಡ್ಡ ಹೆಸರಾಗಿದ್ದ ಸಿ.ಎಚ್. ಲಿ ಅವರ ಪ್ರಯೋಗಾಲಯದಲ್ಲಿದ್ದರು. ಅಲ್ಲಿ ಹಾರ್ಮೋನುಗಳ ವಿರುದ್ಧ ಪ್ರತಿಕಾಯ ಬೆಳೆಸುವ ವಿದ್ಯೆ ಕೈವಶವಾಯಿತು. ಬೆಂಗಳೂರಿಗೆ ಮರಳಿದ ಮೇಲೆ ಅದನ್ನೇ ತಮ್ಮ ಆಯುಧವಾಗಿ ಮಾಡಿಕೊಂಡರು.

ಈ ವಿದ್ಯೆಯ ಸೊಗಸನ್ನು ತುಸು ನಿಂತು ನೋಡಬೇಕು. ಒಂದು ಹಾರ್ಮೋನು ದೇಹದಲ್ಲಿ ಏನು ಮಾಡುತ್ತದೆಂದು ತಿಳಿಯಬೇಕಾದರೆ ಅದನ್ನು ಇಲ್ಲವಾಗಿಸಿ ನೋಡಬೇಕು. ಹಿಂದಿನವರು ಪಿಟ್ಯುಟರಿ ಗ್ರಂಥಿಯನ್ನೇ ಕತ್ತರಿಸಿ ತೆಗೆಯುತ್ತಿದ್ದರು. ಗ್ರಂಥಿ ಹೋದರೆ ಎಫ್‌ಎಸ್‌ಎಚ್, ಸಂತಾನಶಕ್ತಿಯ ಇನ್ನೊಂದು ಹಾರ್ಮೋನಾದ ಎಲ್‌ಎಚ್ ಜೊತೆಗೆ ಥೈರಾಯ್ಡನ್ನು ನಡೆಸುವ ಹಾರ್ಮೋನೂ ಬೆಳವಣಿಗೆಯ ಹಾರ್ಮೋನೂ ಹೋಗುತ್ತಿದ್ದವು. ಯಾವ ಪರಿಣಾಮ ಯಾವುದರದ್ದೆಂದು ಬಿಡಿಸಿ ಹೇಳುವುದೇ ಕಷ್ಟ. ಪ್ರತಿಕಾಯದ ದಾರಿಯಲ್ಲಿ ಹಾಗಲ್ಲ: ಶುದ್ಧೀಕರಿಸಿದ ಎಲ್‌ಎಚ್ ಅನ್ನು ಮೊಲಕ್ಕೆ ಚುಚ್ಚಿದರೆ ಮೊಲದ ರಕ್ತದಲ್ಲಿ ಎಲ್‌ಎಚ್ ವಿರುದ್ಧ ಪ್ರತಿಕಾಯ ಹುಟ್ಟುತ್ತದೆ. ಆ ರಕ್ತದ ಸೀರಮ್ಮನ್ನು ಗಬ್ಬದ ಇಲಿಗೆ ಕೊಟ್ಟರೆ ಎಲ್‌ಎಚ್ ಒಂದೇ ನಿಷ್ಕ್ರಿಯವಾಗುತ್ತದೆ, ಮಿಕ್ಕ ಹಾರ್ಮೋನುಗಳು ತಮ್ಮ ಪಾಡಿಗೆ ತಾವಿರುತ್ತವೆ. 1970ರ ಸುಮಾರಿಗೆ ಮೌದ್ಗಲ್ ಅವರ ತಂಡ ಹೀಗೆ ಇಲಿಯ ಗರ್ಭ ನಿಂತುಹೋಗುವುದನ್ನು ತೋರಿಸಿತು. ಗರ್ಭ ಉಳಿಯಲು ಎಲ್‌ಎಚ್ ಬೇಕು ಎಂಬುದು ಊಹೆಯಿಂದ ಪ್ರಯೋಗದ ಸತ್ಯಕ್ಕೆ ಬಂತು. ಮುಂದೆ ಅವರು ನಮ್ಮ ಊರುಕೇರಿಯ ಕೆಂಪುಮುಸುಡಿಯ ಮಂಗಗಳತ್ತ ಹೊರಳಿದರು. ಮನುಷ್ಯನಿಗೆ ಹತ್ತಿರದ ಪ್ರಾಣಿಯಲ್ಲಿ ನೋಡದೆ ಮನುಷ್ಯನ ಬಗ್ಗೆ ಮಾತಾಡಬಾರದೆಂಬ ಶಿಸ್ತು ಅದು.

ಪ್ರತಿಕಾಯದ ಈ ದಾರಿಗೆ ಅಮೆರಿಕದಲ್ಲಿ ಇನ್ನೊಂದು ಮುಖವಿತ್ತು. ಸಾಲಮನ್ ಬರ್ಸನ್ ಮತ್ತು ರೊಸಾಲಿನ್ ಯಾಲೋ ಇನ್ಸುಲಿನ್ ವಿರುದ್ಧವೂ ದೇಹ ಪ್ರತಿಕಾಯ ತಯಾರಿಸುತ್ತದೆಂದು ಬರೆದಾಗ ಸಂಪಾದಕರು ನಂಬದೆ ತಿರಸ್ಕರಿಸಿದರು. ಶೀರ್ಷಿಕೆಯಿಂದ ಆ ಮಾತನ್ನೇ ತೆಗೆದ ಮೇಲೆ 1956ರಲ್ಲಿ ಲೇಖನ ಅಚ್ಚಾಯಿತು. ರಕ್ತದಲ್ಲಿರುವ ಅತ್ಯಲ್ಪ ಹಾರ್ಮೋನನ್ನೂ ಅಳೆಯುವ ವಿಧಾನ ಹುಟ್ಟಿದ್ದು ಅಲ್ಲಿಂದಲೇ. 1977ರಲ್ಲಿ ನೊಬೆಲ್ ಉಪನ್ಯಾಸ ಕೊಡುವಾಗ ಯಾಲೋ ಆ ತಿರಸ್ಕಾರದ ಪತ್ರವನ್ನೂ ಸಭೆಯ ಮುಂದಿಟ್ಟರು.

ಪ್ರಭಾವವನ್ನು ಅಂಕಿಯಲ್ಲಿ ಹಿಡಿಯುವ ಹಂಬಲ ಬಲಿತದ್ದೂ ಅದೇ ಕಾಲದಲ್ಲಿ. ಫಿಲಡೆಲ್ಫಿಯಾದ ಯೂಜೀನ್ ಗಾರ್ಫೀಲ್ಡ್ 1960ರ ದಶಕದಲ್ಲಿ ಉಲ್ಲೇಖಗಳ ಸೂಚಿ ಹೊರತಂದರು. ಅವರ ಉದ್ದೇಶ ಸಂಬಂಧಪಟ್ಟ ಲೇಖನ ಹುಡುಕಲು ದಾರಿ ಮಾಡಿಕೊಡುವುದು. 2005ರಲ್ಲಿ ಭೌತವಿಜ್ಞಾನಿ ಹಿರ್ಶ್ ಕೊಟ್ಟ ಎಚ್-ಇಂಡೆಕ್ಸ್ ಇನ್ನೂ ಸರಳ: ತಲಾ ಕನಿಷ್ಠ 20 ಉಲ್ಲೇಖ ಪಡೆದ 20 ಲೇಖನಗಳಿದ್ದರೆ ನಿಮ್ಮ ಅಂಕ 20. ಈಗ ಸ್ಟ್ಯಾನ್‌ಫರ್ಡ್‌ನ ಜಾನ್ ಅಯೊನಿಡಿಸ್ ತಂಡದ ‘ಅಗ್ರ ಶೇ 2 ವಿಜ್ಞಾನಿಗಳ’ ಪಟ್ಟಿ ಬಂದಾಗಲೆಲ್ಲ ನಮ್ಮ ವಿಶ್ವವಿದ್ಯಾಲಯಗಳಲ್ಲಿ ಸನ್ಮಾನ, ಪತ್ರಿಕೆಗಳಲ್ಲಿ ಫೋಟೊ. ಪಟ್ಟಿಯಲ್ಲಿ ಸ್ವಂತ ಉಲ್ಲೇಖ ಬಿಟ್ಟ ಲೆಕ್ಕ ಬೇರೆ, ಸೇರಿಸಿದ ಲೆಕ್ಕ ಬೇರೆ ಇರುತ್ತದೆ. ಸುದ್ದಿಯಲ್ಲಿ ಆ ವ್ಯತ್ಯಾಸ ಕಾಣುವುದು ಅಪರೂಪ.

ಹೆಚ್ಚು ಉಲ್ಲೇಖವೆಂದರೆ ಹೆಚ್ಚು ಹಿರಿಮೆಯೂ ಅಲ್ಲ. 2014ರಲ್ಲಿ ‘ನೇಚರ್’ ಪತ್ರಿಕೆ ಲೆಕ್ಕ ಹಾಕಿದಾಗ ಎಲ್ಲಕ್ಕಿಂತ ಹೆಚ್ಚು, 3 ಲಕ್ಷಕ್ಕೂ ಮೀರಿ ಉಲ್ಲೇಖಗೊಂಡಿದ್ದ ಪ್ರಬಂಧ ಲೌರಿ ಮತ್ತು ಸಂಗಡಿಗರದು. 1951ರ ಆ ಲೇಖನ ದ್ರಾವಣದಲ್ಲಿ ಎಷ್ಟು ಪ್ರೋಟೀನ್ ಇದೆಯೆಂದು ಅಳೆಯುವ ವಿಧಾನ ಹೇಳುತ್ತದೆ. ಅದು ಉಪಯುಕ್ತ, ನಿಜ. ಅದನ್ನು ತಮ್ಮ ಹಿರಿಮೆಯೆಂದು ಲೌರಿಯವರೇ ಭಾವಿಸಿರಲಿಲ್ಲ.

ಈ ಅಂಕಿಗಳ ಬಿಸಿ ನೇರವಾಗಿ ತಟ್ಟುವುದು ಯುವ ವೈದ್ಯ ಅಧ್ಯಾಪಕರಿಗೆ. ಅಹಮದಾಬಾದಿನ ಮಣಿನಗರದ ಎಲ್.ಜಿ. ಆಸ್ಪತ್ರೆಗೆ ಸೇರಿದ ಕಾಲೇಜಾಗಲಿ, ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಕಾಲೇಜಾಗಲಿ, ಹೊರರೋಗಿಗಳ ಸಾಲು ಮುಗಿಸಿದ ಮೇಲೆ ಬಡ್ತಿಗಾಗಿ ಲೇಖನ ಬರೆಯಬೇಕು. ಸಕ್ಕರೆ ಕಾಯಿಲೆ, ಥೈರಾಯ್ಡ್ ರೋಗಿಗಳನ್ನು ದಿನವೂ ಕಾಣುವ ಅಂಥವರಲ್ಲಿ ಸ್ಥಳೀಯವಾದ, ಬೆಲೆಯುಳ್ಳ ಗಮನಿಕೆಗಳಿರುತ್ತವೆ. ಇಲ್ಲಿನ ಪತ್ರಿಕೆಯಲ್ಲಿ ಬಂದ ಅಂಥ ಲೇಖನವನ್ನು ಹೊರಗಿನವರು ಉಲ್ಲೇಖಿಸದಿರಬಹುದು, ಆದರೂ ಪಕ್ಕದ ತಾಲ್ಲೂಕಿನ ವೈದ್ಯರು ಅದನ್ನು ಓದಿ ಔಷಧದ ಪ್ರಮಾಣ ಬದಲಿಸಬಹುದು. ಆ ಬದಲಾವಣೆ ಯಾವ ಸೂಚಿಗೂ ಸಿಗದು.

ಆಯ್ಕೆ ಸಮಿತಿಗಳು ಮಾಡಬಹುದಾದ ಕೆಲಸವೊಂದಿದೆ. ಅಭ್ಯರ್ಥಿಯಿಂದ ಎಚ್-ಇಂಡೆಕ್ಸ್ ಕೇಳುವ ಬದಲು ಅವರ ಅತ್ಯುತ್ತಮ ಮೂರು ಲೇಖನ ಕೇಳಲಿ. ಅವುಗಳನ್ನು ಉಲ್ಲೇಖಿಸಿದವರು ಯಾವ ವಾಕ್ಯದಲ್ಲಿ, ಏನು ಹೇಳಲು ಉಲ್ಲೇಖಿಸಿದ್ದಾರೆಂದು ಓದಲಿ. 2012ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ರೂಪುಗೊಂಡ ಘೋಷಣೆಯೂ ಪತ್ರಿಕೆಯ ಲೇಖನಗಳಿಗೆ ಸರಾಸರಿ ಸಿಗುವ ಉಲ್ಲೇಖದ ಲೆಕ್ಕವಾದ ಇಂಪ್ಯಾಕ್ಟ್ ಫ್ಯಾಕ್ಟರ್‌ನಿಂದ ಸಂಶೋಧಕರನ್ನು ಅಳೆಯಬೇಡಿ ಎಂದೇ ಕೇಳಿಕೊಂಡಿತ್ತು. ಹೀಗೆ ಓದಲು ಸಮಯ ಹಿಡಿಯುತ್ತದೆ, ವಿಷಯ ಬಲ್ಲವರೂ ಬೇಕು. ಆದರೆ 1997ರ ಆ ಮೂರು ಪ್ರಬಂಧಗಳನ್ನೂ ಮರುವರ್ಷದ ಎರಡು ವರದಿಗಳನ್ನೂ ಒಟ್ಟಿಗೆ ಓದಲು ಒಂದು ಮಧ್ಯಾಹ್ನ ಸಾಕು.