ಸ್ವರವನ್ನು ಹಿಡಿಯುವ ಕೈಗವಸು

ಹಾಡುವವನ ಕೈ ತಾನಾಗಿಯೇ ಮೇಲೇಳುವುದು ಸರ್ವವಿದಿತ. ಹದಿಮೂರನೆಯ ಶತಮಾನದ ಶಾರ್ಙ್ಗದೇವನು ‘ಸಂಗೀತರತ್ನಾಕರ’ದಲ್ಲಿ ಗಾಯಕದೋಷಗಳನ್ನು ಎಣಿಸುತ್ತ, ಅಂಗಗಳನ್ನು ಚಾಚಿ ಹಾಡುವವನನ್ನು ‘ಪ್ರಸಾರಿ’ಯೆಂದು ಕರೆದು ದೋಷಿಗಳ ಪಂಕ್ತಿಯಲ್ಲಿ ಕೂರಿಸಿದ್ದಾನೆ. ಆ ದೋಷವನ್ನೇ ಗುಣವಾಗಿಸುವ ಉಪಕರಣವೊಂದು ಪಶ್ಚಿಮದಲ್ಲಿ ರೂಪುಗೊಂಡಿದೆ.

ಕಂಠಸ್ವರಕ್ಕೆ ಮಾರ್ದನಿ, ಕಂಪನ, ಸಹಸ್ವರಗಳನ್ನು ವಿದ್ಯುದುಪಕರಣಗಳಿಂದ ಕೂಡಿಸುವ ಪದ್ಧತಿ ಅಲ್ಲಿ ಹೊಸದಲ್ಲ. ಆದರೆ ಅದಕ್ಕಾಗಿ ಗಾಯಕನು ಮೇಜಿನ ಗುಂಡಿಗಳ ಮೇಲೆ ಬಾಗಬೇಕು. ಸಭೆಗೆ ಕಾಣುವುದು ಅವನ ನೆತ್ತಿಯೇ ಹೊರತು ಮುಖವಲ್ಲ. 1991ರಲ್ಲಿ ಲೆಟಿಷಿಯಾ ಸೊನಾಮಿಯವರು ಅಡುಗೆಮನೆಯ ರಬ್ಬರ್ ಕೈಗವಸಿಗೆ ಅಯಸ್ಕಾಂತದ ಸಂವೇದಕಗಳನ್ನು ಅಂಟಿಸಿ ಧ್ವನಿಯನ್ನು ಬೆರಳಿಗೆ ವಶಪಡಿಸಿದರು. 2009ರಲ್ಲಿ ಅಮೆರಿಕದ ಎಂ.ಐ.ಟಿ. ಸಂಸ್ಥೆಯ ಎಲೆನಾ ಜೆಸಪ್ ಅವರು ಗಾಯನಕ್ಕೆಂದೇ ‘ವ್ಯಾಂಪ್’ ಎಂಬ ಕೈಗವಸನ್ನು ರಚಿಸಿದರು. ಹೆಬ್ಬೆರಳು ತೋರುಬೆರಳುಗಳನ್ನು ಕೂಡಿಸಿದೊಡನೆ ಹಾಡುತ್ತಿದ್ದ ಸ್ವರವು ಸೆರೆಯಾಗುತ್ತದೆ. ಬಾಯಿ ಮುಚ್ಚಿದರೂ ಅದು ನಿಲ್ಲದು. ಬೆರಳು ಬಿಟ್ಟರೆ ಅಡಗುತ್ತದೆ. ಬ್ರಿಟನ್ನಿನ ಗಾಯಕಿ ಇಮೊಜೆನ್ ಹೀಪ್ ಇದರಿಂದ ಪ್ರೇರಿತರಾಗಿ, ಟಾಮ್ ಮಿಚೆಲ್ ಮೊದಲಾದ ತಜ್ಞರೊಡಗೂಡಿ ‘ಮಿಮು’ ಕೈಗವಸುಗಳನ್ನು ಸಿದ್ಧಪಡಿಸಿದರು.

ಇದರ ಒಳಮರ್ಮ ಸರಳವಾದುದು. ಬೆರಳಿನುದ್ದಕ್ಕೂ ಹೊಲಿದ ತೆಳುಪಟ್ಟಿ ಬಾಗಿದಷ್ಟೂ ಅದರ ವಿದ್ಯುನ್ನಿರೋಧ ವ್ಯತ್ಯಾಸಗೊಳ್ಳುತ್ತದೆ. ಮಣಿಕಟ್ಟಿನ ಸಂವೇದಕವು ಕೈಯ ವೇಗವನ್ನೂ ದಿಕ್ಕನ್ನೂ ಅಳೆಯುತ್ತದೆ. ಮುಷ್ಟಿ, ಪತಾಕದಂತೆ ಚಾಚಿದ ಅಂಗೈ, ಸೂಚೀಹಸ್ತದಂತೆ ನೀಡಿದ ಬೆರಳು—ಇವನ್ನು ಮೊದಲೇ ಮಾಡಿ ತೋರಿಸಿದರೆ ಗಣಕಯಂತ್ರವು ಅಭ್ಯಾಸಬಲದಿಂದ ಗುರುತಿಸುತ್ತದೆ.

ಕಷ್ಟವಿರುವುದು ಬೇರೆಡೆ. ಗಾಯಕಿ ಹಣೆಯ ಬೆವರನ್ನು ಒರೆಸಿಕೊಂಡರೂ ಕೈಗವಸು ಅದನ್ನು ಸ್ವರಾಜ್ಞೆಯೆಂದೇ ಭಾವಿಸೀತು! ಆದುದರಿಂದ ಹಸ್ತಮುದ್ರೆಯನ್ನು ಬೀಗದಂತೆ ಬಳಸುವುದುಂಟು: ಮುಷ್ಟಿ ಬಿಗಿದಿರುವಾಗ ಮಾತ್ರ ತೋಳಿನ ಏರಿಳಿತವು ಮಾರ್ದನಿಯನ್ನು ಹಿಗ್ಗಿಸಿ ಕುಗ್ಗಿಸುತ್ತದೆ, ಮುಷ್ಟಿ ಸಡಿಲಿದರೆ ಆ ಚಲನೆಗೆ ಬೆಲೆಯಿಲ್ಲ. ವಿಳಂಬವೂ ಸಲ್ಲದು. ಚಲನೆಗೂ ನಾದಕ್ಕೂ ನಡುವೆ 10 ಮಿಲಿಸೆಕೆಂಡಿಗಿಂತ ಹೆಚ್ಚು ಅಂತರವಿರಬಾರದೆಂಬುದು ಈ ಕ್ಷೇತ್ರದಲ್ಲಿ ರೂಢವಾದ ಮಾನದಂಡ. ಮೇಲಾಗಿ, ವೀಣೆಯಲ್ಲಿ ಬೆರಳಿಗೆ ಮೆಟ್ಟಿಲ ಆಸರೆಯುಂಟು, ಬಯಲಿನಲ್ಲಿ ಏನುಂಟು? ಈ ಕೊರತೆಯನ್ನು ನೀಗಲು ಮಿಮುವಿನಲ್ಲಿ ಕಿರಿದಾದ ಕಂಪನಯಂತ್ರವನ್ನು ಅಳವಡಿಸಿದ್ದಾರೆ. ಆಜ್ಞೆ ತಲುಪಿತೆಂಬುದನ್ನು ಅದು ಕೈಗೆ ತಿಳಿಸಬಲ್ಲುದು.

ಒಬ್ಬೊಬ್ಬರ ಬೆರಳು ಬಾಗುವ ಪ್ರಮಾಣ ಒಂದೊಂದು. ಹೀಗಾಗಿ, ತೊಟ್ಟವರ ಕೈ ಪೂರ್ಣವಾಗಿ ಬಿಚ್ಚಿದಾಗಿನ ಮತ್ತು ಮುಚ್ಚಿದಾಗಿನ ಅಳತೆಗಳನ್ನು ಯಂತ್ರಕ್ಕೆ ತಿಳಿಸಿ, ಶ್ರುತಿ ಮಾಡಿದಂತೆ ಹೊಂದಿಸಬೇಕು. ಮಿಮು ಕೈಗವಸಿನ ಬೆರಳತುದಿಗಳನ್ನು ಬರಿದಾಗಿಯೇ ಬಿಟ್ಟಿದ್ದಾರೆ. ಅದನ್ನು ತೊಟ್ಟುಕೊಂಡೇ ಪಿಯಾನೊ ನುಡಿಸಬಹುದು.